ಜಾಮೀನಿಗೆ ನಿಂತವರು ಯಾರು?

ತಮ್ಮಾ,

ಮುಂಬೈ ಭೂಗತ ಲೋಕದ ಮೇಲೆ ಕಾದಂಬರಿ ಬರೀತೀನಿ ಅಂದಿ. ನಾಯಕ ಉದಗೀರದ ಹುಡುಗ. ಅಣ್ಣನ ಸಲುವಾಗಿ ಚಾಕು ಹಿಡೀತಾನೆ, ಕೊನೆಗೆ ‘ಭಾಯಿ’ಗಾಗಿ ಸಾಯ್ತಾನೆ. ಬರಿ, ಬೇಡ ಅನ್ನಲಾರೆ. ಆದರೆ ನಿನ್ನ ಮುಂಬೈ ಪೂರಾ ಸಿನಿಮಾದಿಂದ ಬಂದದ್ದು. ನಮ್ಮ ಸೀಮೆಯನ್ನು ಬಲ್ಲವರೇ ಬರೆದ ಎರಡು ಪುಸ್ತಕ ಇವೆ, ಮೊದಲು ಅವನ್ನು ಓದು.

ಒಂದು ಸಾಹೇಬನದು. ಸುರಪುರದ ಕಥೆ ಕೇಳಿದವರಿಗೆ ಮೆಡೋಸ್ ಟೇಲರ್ ಹೆಸರು ಹೊಸದಲ್ಲ. 1853ರಲ್ಲಿ ನಳದುರ್ಗದ ಆಡಳಿತವೂ ಅವನ ಕೈಗೇ ಬಂತು. ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗುವಾಗ ಸಿಗುವ ಅದೇ ಕೋಟೆಯೂರು. ನಿಜಾಮರ ಸೇವೆಯಲ್ಲಿ ಪೊಲೀಸ್ ಕೆಲಸ ಮಾಡಿದ್ದ ಆತ 1839ರಲ್ಲೇ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟಿಸಿದ್ದ. ಅದರ ಅಮೀರ್ ಅಲಿಯನ್ನು ಮಗನಂತೆ ಸಾಕಿದವನು ಅವನ ಹೆತ್ತವರನ್ನು ಕೊಂದ ತಂಡದ ಠಕ್ಕನೇ. ಸಾಕಿದ ತಂದೆಯ ನೆಚ್ಚಿನ ಮಗನಾಗಿ ಬೆಳೆದ ಅಮೀರ್ ಅಲಿ, ಗೊತ್ತಿಲ್ಲದೆ ಸ್ವಂತ ತಂಗಿಯ ಕೊರಳಿಗೂ ರುಮಾಲು ಹಾಕುತ್ತಾನೆ. ಕಟ್ಟು ಬಿಗಿಯಾಗಿದೆ, ಕಲಿಯಬೇಕಾದ್ದು ಬಹಳ. ಆದರೂ ಹೇಳುವವನು ಸೆರೆಯಾಳು, ಬರೆದುಕೊಳ್ಳುವವನು ಸಾಹೇಬ. ಇದನ್ನು ಮರೆತು ಓದಬೇಡ.

ಇನ್ನೊಂದು ಲಾತೂರಿನ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’, 1987ರದು. ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದು ಕಾದಂಬರಿಯಲ್ಲ, ಅವರದೇ ಬದುಕು. ಹುಟ್ಟಿನಿಂದಲೇ ಕಳ್ಳರೆಂಬ ಮುದ್ರೆ ಹೊತ್ತ ಸಮುದಾಯದ್ದು. ಅಲ್ಲಿ ಜೇಬು ಕತ್ತರಿಸುವ ಕೈಚಳಕ ಕಲಿಸುವುದು ಆಮೇಲಿನ ಮಾತು, ಮೊದಲು ಹುಡುಗರಿಗೆ ಏಟು ತಿನ್ನುವುದನ್ನು ಕಲಿಸುತ್ತಾರೆ. ನಾಳೆ ಪೊಲೀಸರು ಹೊಡೆದಾಗ ಮನೆಯವರ ಹೆಸರು ಬಾಯಿಂದ ಬೀಳಬಾರದಲ್ಲ! ನೀನು ‘ನಿಷ್ಠೆ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೀಯಲ್ಲ, ಅದು ಇದೇ. ಸ್ವಂತ ಜನರ ಕೈಯಲ್ಲೇ ಒದೆ ತಿಂದು ಕಲಿತ ಮೌನ. ಹುಟ್ಟಿನಿಂದಲೇ ಜನರನ್ನು ಅಪರಾಧಿಗಳೆಂದು ಎಣಿಸಿದ 1871ರ ಕಾಯ್ದೆ 1952ರಲ್ಲಿ ರದ್ದಾಯಿತು. ಠಾಣೆಯವರ ಕಣ್ಣಿನಿಂದ ಆ ಮುದ್ರೆ ಇಳಿಯಲಿಲ್ಲ. ಅಂಥ ಮನೆಯಿಂದ ಶಾಲೆಗೆ ಹೋದ ಹುಡುಗ ಲಾತೂರಿನ ಗಿರಣಿಯಲ್ಲಿ ದುಡಿದು, ಕೊನೆಗೆ ಪುಸ್ತಕ ಬರೆದ. ನಿನ್ನ ನಾಯಕನ ಸಾವಿಗಿಂತ ಇದು ನನಗೆ ಹೆಚ್ಚು ರೋಮಾಂಚಕ. (ವಯಸ್ಸಾದವನ ರುಚಿ ಅನ್ನು ಬೇಕಾದರೆ.)

ಹಾಗಾದರೆ ನೀನು ಏನು ಬರೀಬೇಕು? ಕೊಲೆ ಆದ ರಾತ್ರಿಯನ್ನು ಎರಡು ಪುಟದಲ್ಲಿ ಮುಗಿಸು. ಮರುದಿನ ಬೆಳಿಗ್ಗೆಗೆ ಇಪ್ಪತ್ತು ಪುಟ ಕೊಡು. ವಕೀಲನ ಫೀಸಿಗೆ ಯಾರ ಬಂಗಾರ ಅಡ ಬಿತ್ತು? ಜಾಮೀನಿಗೆ ಹೊಲದ ಕಾಗದ ತಂದವರು ಯಾರು, ಬಾಗಿಲು ಹಾಕಿಕೊಂಡ ಸೋದರಮಾವ ಯಾರು? ನಿಲಂಗಾದ ಎಸ್‌ಟಿ ಸ್ಟ್ಯಾಂಡಿನಲ್ಲಿ ಬುತ್ತಿಗಂಟು ಹಿಡಿದು, ಜೈಲಿನ ಭೇಟಿಗೆ ಹೊರಟ ತಾಯಿ ಪಕ್ಕದವಳಿಗೆ ಏನಂತ ಸುಳ್ಳು ಹೇಳಿದಳು? ‘ಭಾಯಿ’ ಆ ಮನೆಗೆ ಎಷ್ಟು ತಿಂಗಳು ರೊಕ್ಕ ಕಳಿಸಿದ, ಯಾವಾಗ ನಿಲ್ಲಿಸಿದ?

ಮಾತಿನ ಕಡೆಗೂ ಲಕ್ಷ್ಯ ಇರಲಿ. ನಮ್ಮ ಹುಡುಗ ಫೌಜದಾರನ ಮುಂದೆ ಮರಾಠಿಯಲ್ಲಿ ಕೈಮುಗೀತಾನೆ, ದೋಸ್ತರ ಜೊತೆ ದಖನಿಯಲ್ಲಿ ಬೈದಾಡ್ತಾನೆ, ಅವ್ವನ ಮುಂದೆ ಕನ್ನಡದಲ್ಲಿ ಸುಳ್ಳಾಡ್ತಾನೆ. 1956ರ ತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಸರಿಯಿತು, ಅವ್ವನ ಮಾತು ಸರಿಯಲಿಲ್ಲ. ಎಲ್ಲರ ಬಾಯಿಗೂ ಬೆಂಗಳೂರು ಸಿನಿಮಾದ ಡೈಲಾಗ್ ತುರುಕಬೇಡ.

ಕೊನೆಯದಾಗಿ, ನಮ್ಮೂರಿನ ನಿಜವಾದ ಕೇಸನ್ನು ಹೆಸರು ಬದಲಿಸಿ ಬರೆಯುವ ಆಲೋಚನೆ ಬಿಡು. ಹೆಸರು ತೆಗೆದರೂ ಓಣಿಯವರಿಗೆ ಮನೆ ಯಾವುದೆಂದು ತಿಳಿಯುತ್ತದೆ. ಮಾಡಿದವನು ಶಿಕ್ಷೆ ಮುಗಿಸಿ ಬಂದಾನು, ಆದರೆ ಆ ಮನೆಯಲ್ಲಿ ತಂಗಿಯೊಬ್ಬಳಿಗೆ ಇನ್ನೂ ವರ ನೋಡುತ್ತಿರುತ್ತಾರೆ.