ಗಂಟೆ ಸದ್ದಿಗೆ ಕಿವಿ ಮುಚ್ಚುವ ಮಗನಿಗೆ ಯಾವ ಶಾಲೆ?

ಪ್ರಶ್ನೆ: ಎರಡನೇ ತರಗತಿಯ ನನ್ನ ಮಗ ಶಾಲೆಯ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಮೊಹರಂ ಹಲಗಿ ಸದ್ದಿಗೂ ಹಾಗೇ. ಯೂನಿಫಾರ್ಮ್ ಚುಚ್ಚುತ್ತದೆಂದು ಬಿಚ್ಚಿಹಾಕುತ್ತಾನೆ. ವಿಶೇಷ ಶಾಲೆಗೆ ಸೇರಿಸಿ ಅನ್ನುತ್ತಾರೆ. ಮೊದಲು ಅಂಗವಿಕಲರ ಕಾರ್ಡ್ ಮಾಡಿಸಬೇಕೆ?
– ಓದುಗರು, ವನದುರ್ಗ, ಶಹಾಪುರ ತಾಲ್ಲೂಕು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಇಂಥ ಮಗುವನ್ನು ಹಟಮಾರಿ ಎಂದು ಗದರಿ ಸುಮ್ಮನಾಗುವವರೇ ಹೆಚ್ಚು. ಕೆಲವು ಮಕ್ಕಳಿಗೆ ಸದ್ದು, ಸ್ಪರ್ಶ, ವಾಸನೆ ನಮಗಿಂತ ಬಹಳ ಜೋರಾಗಿ ತಟ್ಟುತ್ತವೆ. ನಿಮ್ಮ ಮಗನದೂ ಹಾಗೇ ಇರಬಹುದು. ಆದರೂ ಮೊದಲು ಕಿವಿ, ಚರ್ಮ ಎರಡನ್ನೂ ವೈದ್ಯರಿಗೆ ತೋರಿಸಿ. ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಓರಗೆಯ ಮಕ್ಕಳೊಡನೆ ಬೆರೆಯದಿದ್ದರೆ ಅದನ್ನೂ ಹೇಳಿ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಸೂಕ್ಷ್ಮತೆ ಇರುತ್ತದೆ, ನಿಜ. ಆದರೆ ಸೂಕ್ಷ್ಮತೆ ಇದ್ದವರಿಗೆಲ್ಲ ಆಟಿಸಂ ಇರುವುದಿಲ್ಲ.

ಇನ್ನು ಕಾರ್ಡ್. ಇಲ್ಲೇ ಹೆಚ್ಚಿನವರು ಗೊಂದಲಕ್ಕೆ ಬೀಳುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವೈಕಲ್ಯಗಳಿವೆ. ಆಟಿಸಂ ಅದರಲ್ಲಿದೆ, ಬರೀ ಸಂವೇದನೆಯ ಸೂಕ್ಷ್ಮತೆ ಇಲ್ಲ. ಹಾಗಾಗಿ ನೀವು ಕೇಳಿದ ಅಂಗವಿಕಲರ ಕಾರ್ಡ್, ಅಂದರೆ ಯುಡಿಐಡಿ ಕಾರ್ಡ್, ಸಿಗದೆಯೂ ಹೋಗಬಹುದು. ಅದು ಬೇಕಾಗುವುದು ಮಾಸಾಶನ, ಬಸ್ ಪಾಸಿನಂಥ ಸೌಲಭ್ಯಗಳಿಗೆ. ಶಾಲೆಗೂ ಅದಕ್ಕೂ ಗಂಟು ಹಾಕಬೇಡಿ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿದೆ. ಮುಂದೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಎಂದು ಪ್ರಮಾಣಪತ್ರ ಬಂದರೆ 18ರವರೆಗೆ ಉಚಿತ ಶಿಕ್ಷಣ. ಆಗಲೂ ಊರ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ನಿಮ್ಮದೇ. ನೀವು ಬರೆದಷ್ಟನ್ನೇ ನೋಡಿದರೆ, ಈಗಿನ ಶಾಲೆ ಬಿಡಿಸಲು ನನಗೆ ಕಾರಣ ಕಾಣುವುದಿಲ್ಲ.

ಬದಲಿಗೆ ಮುಖ್ಯ ಶಿಕ್ಷಕರ ಜೊತೆ ಕುಳಿತು ಮಾತಾಡಿ. ಗಂಟೆ ಹೊಡೆಯುವ ಮುಂಚೆ ಅವನಿಗೆ ಒಂದು ಮಾತು ಹೇಳಲಿ, ಕೂರುವ ಜಾಗ ಗಂಟೆಯಿಂದ ದೂರವಿರಲಿ. ಬಿಸಿಯೂಟದ ಹೊತ್ತಿನಲ್ಲಿ ಸ್ಟೀಲ್ ತಟ್ಟೆಗಳ ಗದ್ದಲ ತಡೆಯದಿದ್ದರೆ ಸಾಲಿನ ತುದಿಯಲ್ಲಿ ಕೂರಲಿ. ಮನೆಯಲ್ಲಿ ನೀವು ಯೂನಿಫಾರ್ಮಿನ ಕಾಲರ್ ಒಳಗಿನ ಲೇಬಲ್ ಅನ್ನು ಹೊಲಿಗೆಸಮೇತ ಬಿಚ್ಚಿ. ಬರೀ ಕತ್ತರಿಸಿದರೆ ಉಳಿದ ಅಂಚು ಇನ್ನೂ ಚುಚ್ಚುತ್ತದೆ. ಹೊಸ ಬಟ್ಟೆಯನ್ನು ನಾಲ್ಕಾರು ಸಲ ಒಗೆದು ಮೆತ್ತಗಾದ ಮೇಲೆ ತೊಡಿಸಿ. ರೂಢಿಯಾಗಲಿ ಎಂದು ಹಲಗಿಯ ಮುಂದೆ ಒತ್ತಾಯದಿಂದ ನಿಲ್ಲಿಸುವುದು ಮಾತ್ರ ಬೇಡ.

ಇಷ್ಟಕ್ಕೂ ಸರಿಹೋಗದಿದ್ದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಮಗನನ್ನು ತೋರಿಸಿ. ಅಗತ್ಯ ಕಂಡರೆ ಅವರೇ ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಶಾಲೆಗಾಗಲಿ ಬಿಆರ್‌ಸಿಗಾಗಲಿ ಕೇಳುವುದನ್ನು ಬಿಳಿ ಹಾಳೆಯಲ್ಲಿ ಬರೆದುಕೊಡಿ. ಇನ್ನೊಂದು ಪ್ರತಿಯ ಮೇಲೆ ತಾರೀಕಿನೊಂದಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.