ಜರ್ಮನಿ ವೀಸಾ: ಫೈಲ್ ನಿಮ್ಮ ಕೈಯಲ್ಲೇ ಇರಲಿ

‘ವೀಸಾ ಸಿಗುತ್ತೋ ಇಲ್ವೋ’ ಎಂಬ ಚಡಪಡಿಕೆಯನ್ನು ಇವತ್ತೇ ಬಿಡಿ. ನುರಿತ ಭಾರತೀಯ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರಲ್ಲೇ ಹೇಳಿದೆ. ಅವರಿಗೆ ಜನ ಬೇಕು. ನಿಮಗೆ ಬೇಕಿರುವುದು ಅಚ್ಚುಕಟ್ಟಾದ ಫೈಲ್.

1. ದಾರಿ ಮೊದಲು ಆರಿಸಿ.
ಓದಲೋ, ಆಫರ್ ಲೆಟರ್ ಹಿಡಿದು ಕೆಲಸಕ್ಕೋ, ಕೆಲಸ ಹುಡುಕಲೋ? ಮೂರಕ್ಕೂ ಬೇರೆ ಬೇರೆ ವೀಸಾ. ಆಫರ್ ಇಲ್ಲದವರಿಗೆ 2024ರ ಜೂನ್‌ನಿಂದ ‘ಆಪರ್ಚುನಿಟಿ ಕಾರ್ಡ್’ ಇದೆ. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸಿಕೊಂಡರಾಯ್ತು’ ಎನ್ನುವ ಏಜೆಂಟ್ ಸಿಕ್ಕರೆ ಎದ್ದು ಬನ್ನಿ.

2. ಹೆಸರು ಸರಿಪಡಿಸಿ.
ನಮ್ಮವರ ದೊಡ್ಡ ತಲೆನೋವು ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಎಸ್.’, ಡಿಗ್ರಿಯಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದಿರುತ್ತಾರೆ. ನಮಗಿದು ಒಬ್ಬನೇ ಮನುಷ್ಯ. ಕಡತ ನೋಡುವ ಜರ್ಮನ್ ಅಧಿಕಾರಿಗೆ ಮೂವರು. ಪಾಸ್‌ಪೋರ್ಟ್‌ನಲ್ಲಿ ಇದ್ದದ್ದೇ ನಿಮ್ಮ ಹೆಸರು. ಆಫರ್ ಲೆಟರ್, ವಿಮೆ, ಬ್ಯಾಂಕ್ ಖಾತೆ, ಎಲ್ಲದರಲ್ಲೂ ಅಕ್ಷರಶಃ ಅದೇ ಇರಲಿ. ಪಾಸ್‌ಪೋರ್ಟನ್ನೇ ತಿದ್ದಿಸಬೇಕಿದ್ದರೆ ಎಲ್ಲಕ್ಕಿಂತ ಮೊದಲು ಆ ಕೆಲಸ ಮುಗಿಸಿ.

3. ಡಿಗ್ರಿ ಚೆಕ್ ಮಾಡಿ.
ಓದಲು ಹೋಗುವವರಿಗೆ 2022ರ ನವೆಂಬರ್‌ನಿಂದ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ಕೆಲಸಕ್ಕೆ ಹೋಗುವವರು ವಿದೇಶಿ ಡಿಗ್ರಿಗಳ ಮಾನ್ಯತೆ ತೋರಿಸುವ ‘ಅನಾಬಿನ್’ ಡೇಟಾಬೇಸ್‌ನಲ್ಲಿ ತಮ್ಮ ಯೂನಿವರ್ಸಿಟಿಯನ್ನೂ ಡಿಗ್ರಿಯನ್ನೂ ಹುಡುಕಿ ಪ್ರಿಂಟ್ ತೆಗೆಯಲಿ. ಡಿಗ್ರಿ ಇಲ್ಲದ ಐಟಿಯವರೇ, ಹಿಂಜರಿಯಬೇಡಿ: ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವ ಇದ್ದು, ಸಂಬಳ ಕನಿಷ್ಠ ಮಿತಿ ಮುಟ್ಟಿದರೆ ನುರಿತ ಕೆಲಸಗಾರರ ವಾಸದ ಪರವಾನಗಿಯಾದ ಬ್ಲೂ ಕಾರ್ಡ್‌ಗೆ ನೀವೂ ಅರ್ಹರು.

4. ಅಪೋಸ್ಟಿಲ್‌ಗೆ ದುಡ್ಡು ಸುರಿಯಬೇಡಿ.
ದಾಖಲೆ ಅಸಲಿ ಎಂದು ಸಾರುವ ಭಾರತದ ಅಪೋಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ. ಆದರೂ ಅದನ್ನು ಮಾರುವವರಿದ್ದಾರೆ. ಕಾನ್ಸುಲೇಟ್‌ನ ಚೆಕ್‌ಲಿಸ್ಟ್‌ನಲ್ಲಿ ಏನಿದೆಯೋ ಅಷ್ಟೇ ಕೊಡಿ.

5. ದುಡ್ಡು ಕಣ್ಣಿಗೆ ಕಾಣಬೇಕು.
ಬಹುತೇಕ ವಿದ್ಯಾರ್ಥಿಗಳು ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಟ್ಟು ಹೊರಡುತ್ತಾರೆ. ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ಚಿಕ್ಕಪ್ಪನ ಎಫ್‌ಡಿ, ಊರಿನ ತೋಟದ ಪಹಣಿ ಇದಕ್ಕೆ ಬದಲಾಗುವುದಿಲ್ಲ. ಬ್ಲೂ ಕಾರ್ಡ್‌ನವರಿಗೆ ಲೆಕ್ಕ ಸಂಬಳದ್ದು: 2026ಕ್ಕೆ ವರ್ಷಕ್ಕೆ 50,700 ಯೂರೊ, ಐಟಿಯಂಥ ಕೊರತೆಯ ವೃತ್ತಿಗಳಿಗೆ 45,934.20. ಎಚ್‌ಆರ್ ಜತೆ ಮಾತಾಡುವಾಗ ಈ ಅಂಕಿ ನಾಲಿಗೆ ತುದಿಯಲ್ಲಿರಲಿ.

6. ಮೊದಲ ಸಲವೇ ಸರಿಯಾಗಿ ಹಾಕಿ.
ತಿರಸ್ಕಾರವಾದರೆ ಕಾನ್ಸುಲೇಟ್‌ಗೇ ಪತ್ರ ಬರೆದು ಮರುಪರಿಶೀಲನೆ ಕೇಳುವ ವ್ಯವಸ್ಥೆಯನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಇನ್ನು ಹೊಸ ಅರ್ಜಿ, ಇಲ್ಲವೇ ಕೋರ್ಟು.

7. ಇಳಿದ ಮೇಲೆ ಎರಡೇ ವಾರ.
ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ‘ಆನ್‌ಮೆಲ್ಡುಂಗ್’, ಆಗಬೇಕು. ಮನೆ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಇಲ್ಲದೆ ಇದು ನಡೆಯದು. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ‘ಆ ಪತ್ರ ಕೊಡ್ತೀರಾ?’ ಎಂದು ಕೇಳಿ. ಕೊಡಲ್ಲ ಎಂದರೆ ಬೇರೆ ಮನೆ ನೋಡಿ. ಇನ್ನೊಂದು, ಯಾರೂ ಹೇಳದ ವಿಷಯ: ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಫ್ಲ್ಯಾಟ್ ನಂಬರ್ ನೋಡಿ ಪತ್ರ ಹಾಕುವ ರೂಢಿ ಕಡಿಮೆ, ಹೆಸರನ್ನೇ ನೋಡುತ್ತಾರೆ. ಟ್ಯಾಕ್ಸ್ ನಂಬರ್, ಆರೋಗ್ಯ ವಿಮೆಯ ಕಾರ್ಡ್ ಎಲ್ಲ ಅಂಚೆಯಲ್ಲೇ ಬರುತ್ತವೆ. ಹೆಸರಿಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್. ಹಂಚಿಕೊಂಡ ಮನೆಯಾದರೆ ಹಳಬರ ಹೆಸರಿನ ಕೆಳಗೆ ಒಂದು ಚೀಟಿ, ಮೇಲೆ ಸೆಲ್ಲೋಟೇಪ್. ಅಷ್ಟು ಸಾಕು.

8. ಅವಧಿ ಮುಗಿಯುವ ಮುಂಚೆ ಅರ್ಜಿ ಹಾಕಿ.
ನೀವು ಹಿಡಿದು ಹೋದದ್ದು ಪ್ರವೇಶದ ವೀಸಾ. ವಾಸದ ಪರವಾನಗಿಯನ್ನು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಪಡೆಯಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ನಿಧಾನ, ಅದನ್ನೇ ನೆಪ ಮಾಡಿಕೊಳ್ಳಬೇಡಿ. ದಿನಾಂಕ ದಾಟುವ ಮೊದಲು ಅರ್ಜಿ ಸೇರಿದ್ದರೆ, ತೀರ್ಮಾನ ಬರುವವರೆಗೆ ನೀವು ಕಾನೂನುಬದ್ಧ.

9. ಜರ್ಮನ್ ಕಲಿಕೆ ಬೆಂಗಳೂರಿನ ಇಂದಿರಾನಗರದಲ್ಲೇ ಶುರುಮಾಡಿ.
ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಅಲ್ಲೇ ಇದೆ. ಆಫೀಸಲ್ಲಿ ಇಂಗ್ಲಿಷ್ ಸಾಕು ಎಂದು ಸುಮ್ಮನಿರಬೇಡಿ. ಎ1 ಮಟ್ಟದ ಜರ್ಮನ್ ಬಲ್ಲ ಬ್ಲೂ ಕಾರ್ಡ್‌ದಾರರಿಗೆ ಕಾಯಂ ವಾಸದ ಪರವಾನಗಿ 27 ತಿಂಗಳಿಗೆ, ಬಿ1 ಪಾಸಾದವರಿಗೆ 21ಕ್ಕೇ. ಅವರ ಸಂಗಾತಿಗೆ ಭಾಷಾ ಪರೀಕ್ಷೆ ಕಡ್ಡಾಯವಲ್ಲ, ಆದರೂ ಇಬ್ಬರೂ ಒಂದೇ ಬ್ಯಾಚ್‌ಗೆ ಸೇರಿ: ಮನೆಯಲ್ಲೇ ಪ್ರಾಕ್ಟೀಸ್ ಆಗುತ್ತದೆ.