ಶಿರಸ್ತ್ರಾಣಕ್ಕೆ ಮರೆಬಣ್ಣ

ಸೈನಿಕರ ಶಿರಸ್ತ್ರಾಣದ ಮೇಲೆ ಹಸಿರು, ಕಂದು ಬಣ್ಣಗಳ ತೇಪೆಗಳನ್ನು ನಾವೆಲ್ಲರೂ ಚಿತ್ರಗಳಲ್ಲಿ ಕಂಡಿದ್ದೇವೆ. ಕ್ಯಾಮೊಫ್ಲಾಜ್ ಎಂಬ ಈ ಮರೆಬಣ್ಣವು ಗಿಡಮರಗಳ ಬಣ್ಣದ ಅನುಕರಣೆಯಷ್ಟೇ ಎಂದು ಅನೇಕರ ಭಾವನೆ. ಆದರೆ ಅದರ ಗುಟ್ಟು ಬೇರೆ. ನಮ್ಮ ಕಣ್ಣು ವಸ್ತುವನ್ನು ಹೆಚ್ಚಾಗಿ ಅದರ ಅಂಚಿನ ರೇಖೆಯಿಂದ ಗುರುತಿಸುತ್ತದೆ. ಆ ರೇಖೆಯನ್ನು ತುಂಡರಿಸಿದರೆ ವಸ್ತು ಎದುರಿಗಿದ್ದರೂ ಸುಲಭವಾಗಿ ಕಾಣದು. ಪ್ರಾಣಿಗಳಲ್ಲಿ ಈ ತತ್ತ್ವ ನಡೆಯುವ ಬಗೆಯನ್ನು ಹ್ಯೂ ಕಾಟ್ ಎಂಬ ಪ್ರಾಣಿಶಾಸ್ತ್ರಜ್ಞರು 1940ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸೈನ್ಯಗಳು ಇದನ್ನು ಮೊದಲೇ ಬಳಸಿದ್ದವು. ಫ್ರಾನ್ಸ್ 1915ರಲ್ಲಿ ಚಿತ್ರಕಾರರನ್ನು ಈ ಕೆಲಸಕ್ಕೆ ನೇಮಿಸಿತು. ಜರ್ಮನ್ ಸೈನ್ಯವು 1918ರ ಜುಲೈನಲ್ಲಿ, ಶಿರಸ್ತ್ರಾಣಗಳಿಗೆ ಹಲವು ಬಣ್ಣ ಬಳಿದು ನಡುವೆ ಬೆರಳಗಲದ ಕಪ್ಪು ಗೆರೆ ಎಳೆಯಲು ಆಜ್ಞಾಪಿಸಿತು.

ನಮ್ಮ ಕಾಲೇಜಿನ ನಾಟಕಕ್ಕಾಗಿ ಹಳೆಯ ಉಕ್ಕಿನ ಶಿರಸ್ತ್ರಾಣಗಳಿಗೆ ನಾನು ಬಣ್ಣ ಹಾಕಿದ ಕ್ರಮವನ್ನು ಹೇಳುತ್ತೇನೆ. ಮೊದಲು ಮರಳು ಕಾಗದದಿಂದ ತುಕ್ಕು ತೆಗೆದು, ರೆಡ್ ಆಕ್ಸೈಡ್ ಬಳಿದು ಒಣಗಿಸಬೇಕು. ಅದರ ಮೇಲೆ ಎಲ್ಲಕ್ಕಿಂತ ತಿಳಿಯಾದ ಬಣ್ಣವನ್ನು ಪೂರ್ತಿ ಹಚ್ಚಬೇಕು. ಬಣ್ಣ ಹೊಳೆಯಬಾರದು, ಹೊಳಪೇ ಗುಟ್ಟನ್ನು ಬಿಟ್ಟುಕೊಡುತ್ತದೆ.

ಸ್ಟೆನ್ಸಿಲ್‌ಗೆ ಹಳೆಯ ಎಕ್ಸ್‌ರೇ ಹಾಳೆಯೇ ಉತ್ತಮ. ಅದು ಬಣ್ಣವನ್ನು ಹೀರದು, ಬಾಗುತ್ತದೆ. ಆದರೆ ಗುಂಡಾದ ಮೈಗೆ ದೊಡ್ಡ ಹಾಳೆ ಕೂಡುವುದಿಲ್ಲ. ಆದ್ದರಿಂದ ಅಂಗೈಯಗಲದ ಮೂರು ಹಾಳೆಗಳಲ್ಲಿ ಬೇರೆಬೇರೆ ಆಕಾರದ ತೂತು ಕತ್ತರಿಸಿ, ಅಂಚುಗಳಿಗೆ ಸೀಳು ಕೊಡಬೇಕು. ಅವನ್ನೇ ತಿರುಗಿಸಿ, ಮಗುಚಿ ಇಟ್ಟರೆ ಒಂದೇ ಆಕಾರ ಮರುಕಳಿಸಿದಂತೆ ತೋರದು. ಕುಂಚವನ್ನು ಅದ್ದಿ, ಹಳೆಯ ಬಟ್ಟೆಗೆ ಒರಸಿ, ನೇರವಾಗಿ ಕುಟ್ಟುತ್ತ ಬಣ್ಣ ಹಾಕಬೇಕು. ಎಳೆದರೆ ಅದು ಹಾಳೆಯ ಕೆಳಗೆ ನುಸುಳುತ್ತದೆ. ಇದನ್ನು ಕಲಿಸಿದವರು ಮನೆಗಳಿಗೆ ಬಣ್ಣ ಬಳಿಯುವ ನನ್ನ ತಂದೆಯವರು. ಅವರು ಕಾಲೇಜು ಕಂಡವರಲ್ಲ; ಆದರೂ ಈ ಪಾಠಕ್ಕೆ ಅವರೇ ನನ್ನ ಗುರುಗಳು. ಒಂದು ಬಣ್ಣ ಪೂರ್ತಿ ಒಣಗಿದ ಬಳಿಕವೇ ಅದಕ್ಕಿಂತ ಗಾಢವಾದುದು ಬರಬೇಕು. ಮುಖ್ಯವಾಗಿ, ಕೆಲವು ತೇಪೆಗಳು ಅಂಚನ್ನು ದಾಟಿ ಒಳಕ್ಕೆ ಹೋಗಲೇಬೇಕು. ನಡುವೆ ಮಾತ್ರ ಚಿತ್ರಿಸಿದರೆ ಅದು ಅಲಂಕಾರವಾದೀತೇ ಹೊರತು ಮರೆಯಾಗದು. ಇಪ್ಪತ್ತು ಹೆಜ್ಜೆ ದೂರ ನಿಂತು ಪರೀಕ್ಷಿಸಿರಿ.

ಕೊನೆಗೊಂದು ಎಚ್ಚರಿಕೆ. ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟಿಗೆ ಈ ವಿದ್ಯೆ ಸಲ್ಲದು. ಬಣ್ಣದಲ್ಲಿನ ದ್ರಾವಕಗಳು ಕೆಲವು ಪ್ಲಾಸ್ಟಿಕ್ ಚಿಪ್ಪುಗಳನ್ನು ದುರ್ಬಲಗೊಳಿಸುತ್ತವೆ. ಅದಕ್ಕಿಂತ ದೊಡ್ಡ ಕಾರಣವೂ ಉಂಟು: ರಣರಂಗದಲ್ಲಿ ಕಾಣದಿರುವುದು ಜೀವ ಉಳಿಸುತ್ತದೆ, ರಸ್ತೆಯಲ್ಲಿ ಕಾಣಿಸಿಕೊಳ್ಳುವುದು. ಸಂಜೆ ಊರಿಗೆ ಬೈಕಿನಲ್ಲಿ ಮರಳುವ ಸಹಪಾಠಿಗಳು ತಿಳಿಬಣ್ಣದ ಹೆಲ್ಮೆಟ್ಟನ್ನೇ ಧರಿಸಲಿ, ಮರೆಬಣ್ಣ ರಂಗಭೂಮಿಗಿರಲಿ.